ಮಾರಿಷಸ್‌ನಲ್ಲಿ ಸಿಕ್ಕ ನಮ್ಮೂರ ಕಲ್ಲು

ಈ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಮಾರಿಷಸ್‌ಗೆ ಹೋಗಿದ್ವಿ. ಸಮುದ್ರ, ಊಟ, ನಿದ್ದೆ, ಅಷ್ಟೇ ಪ್ಲಾನ್. ಊರಿನ ಹೊಲ ಮಾರೋ ಮಾತು ಅಲ್ಲಿ ಎತ್ತಬಾರದು ಅಂತ ಅಮ್ಮ ಮೊದಲೇ ಹೇಳಿದ್ರು. ಆದರೆ ಕಬ್ಬಿನ ಹೊಲಗಳಲ್ಲಿ ಆರಿಸಿ ರಾಶಿ ಹಾಕಿದ್ದ ಕರಿಕಲ್ಲು ನೋಡಿ ಅಪ್ಪ ಕಾರು ನಿಲ್ಲಿಸಿದ್ರು. "ಇವು ನಮ್ಮ ಬಿಜಾಪುರದ ಕಲ್ಲು ಇದ್ದಂಗ ಅದಾವಲ್ಲ!"

ಹೌದು, ಎರಡೂ ಬಸಾಲ್ಟ್. ಭೂಮಿಯ ಆಳದಿಂದ ಬಿಸಿ ಶಿಲೆ ಮೇಲೇರುವ ಜಾಗಕ್ಕೆ ಹಾಟ್‌ಸ್ಪಾಟ್ ಅಂತಾರೆ. ಅದು ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ, ಮೇಲಿನ ಪ್ಲೇಟ್ ಸರಿಯುತ್ತೆ. ವಿಜ್ಞಾನಿಗಳ ಪ್ರಕಾರ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತ ಅಂಥ ಒಂದು ಹಾಟ್‌ಸ್ಪಾಟ್ ಮೇಲಿದ್ದಾಗ ಲಾವಾ ಹರಿದು ದಖ್ಖನ್ ಟ್ರ್ಯಾಪ್ ಆಯಿತು. ಬಹಳ ಕಾಲದ ನಂತರ ಅದೇ ಹಾಟ್‌ಸ್ಪಾಟ್ ಮಾರಿಷಸ್ ಕಟ್ಟಿತು. ಈಗ ಅದರ ಮೇಲಿರೋದು ಪಕ್ಕದ ರಿಯೂನಿಯನ್ ದ್ವೀಪ.

ಹಾಗಾದ್ರೆ ಮಾರಿಷಸ್‌ನ ಶಮರೆಲ್‌ನಲ್ಲಿ ಮಣ್ಣು ಕೆಂಪೇಕೆ? ಅಲ್ಲಿನ ಜೋರು ಮಳೆ ಸಿಲಿಕಾವನ್ನು ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ಉಳಿಸುತ್ತೆ. ನಮ್ಮಲ್ಲಿ ಮಳೆ ಕಡಿಮೆ. ಅದೇ ಕಲ್ಲು ಸವೆದು, ನೀರು ಹಿಡಿದಿಡೋ ಎರೆಮಣ್ಣಾಗುತ್ತೆ. ಆ ತೇವದಲ್ಲೇ ಹಿಂಗಾರಿ ಜೋಳ ಬೆಳೆಯುತ್ತೆ.

ಊರಿಗೆ ಬಂದ ಮರುದಿನ ಅಪ್ಪ ಮೊದಲು ಹೋಗಿದ್ದು ಹೊಲಕ್ಕೆ. ನಾವೂ ಹಿಂದೆ ಹೋದ್ವಿ. ಮಾರೋ ಮಾತು ಇನ್ನೂ ಮುಗಿದಿಲ್ಲ, ಆದರೆ ಏನನ್ನು ಮಾರ್ತೀವಿ ಅಂತ ಈಗ ಗೊತ್ತು.