ಹೊಟ್ಟೆಯುಬ್ಬರ ಇರುವವರಿಗೆ ನವಣೆ-ತರಕಾರಿ ಒಗ್ಗರಣೆ

ಕುಷ್ಟಗಿ ಕಡೆಯ ಹಿರಿಯರೊಬ್ಬರು ದವಾಖಾನೆಗೆ ಬಂದಿದ್ದರು. ಜೊತೆಗಿದ್ದ ಮಗ ಹೊರಗೆ ಹೋಗುವವರೆಗೂ ಸುಮ್ಮನೆ ಕೂತಿದ್ದು, ಆಮೇಲೆ ದನಿ ತಗ್ಗಿಸಿ ಹೇಳಿದರು: "ಹಕೀಮ್ ಸಾಬ್, ಒಂದು ನಮಾಝಿಗೆ ಮೂರು ಸಲ ವುಝೂ ಮಾಡಬೇಕಾಗೇತಿ. ನಾಚಿಕಿಗೆ ಜಮಾಅತಿಗೆ ಹೋಗೋದೇ ಬಿಟ್ಟೀನಿ."

ಊಟವಾದ ಗಂಟೆಯೊಳಗೆ ಹೊಟ್ಟೆ ಉಬ್ಬುವುದು, ಗುಡುಗುಡು ಸದ್ದು, ಗ್ಯಾಸು, ಒಂದು ದಿನ ಮಲಬದ್ಧತೆಯಾದರೆ ಇನ್ನೊಂದು ದಿನ ಭೇದಿ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲದರಲ್ಲೂ ಏನೂ ಕಂಡಿರಲಿಲ್ಲ. ಯುನಾನಿಯಲ್ಲಿ ಹೊಟ್ಟೆಯುಬ್ಬರಕ್ಕೆ ನಫ್ಖ್-ಎ-ಶಿಕಮ್ ಎನ್ನುತ್ತೇವೆ. ಇಂಥ ತೊಂದರೆಗಳ ಗುಂಪನ್ನು ಈಗಿನ ಡಾಕ್ಟರರು ಐಬಿಎಸ್ ಎಂದು ಬರೆದುಕೊಡುತ್ತಾರೆ. ವುಝೂ ನಿಲ್ಲದವರಿಗೆ ಶರೀಅತ್‌ನಲ್ಲಿ ರಿಯಾಯಿತಿ ಇದೆ. ಅದರ ಷರತ್ತುಗಳನ್ನು ನಿಮ್ಮ ಮಸೀದಿಯ ಮೌಲಾನಾರ ಬಳಿ ಕೇಳಿ, ಇದರಲ್ಲಿ ನಾಚಿಕೆ ಬೇಡ. ನಾನು ಹೇಳಬಲ್ಲದ್ದು ಅಡುಗೆಮನೆಯ ಮಾತು.

ಮೊದಲ ಸಲ ಅವರಿಗೆ "ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿಡಿ" ಎಂದಷ್ಟೇ ಹೇಳಿ ಕಳಿಸಿದ್ದೆ. ತಿಂಗಳು ಕಳೆದರೂ ಗುಣ ಕಾಣಲಿಲ್ಲ. ವಿಚಾರಿಸಿದಾಗ ತಿಳಿಯಿತು: ಮನೆಯಲ್ಲಿ ಎಂದಿನಂತೆ ಸಾಲನ್ ಆಗುತ್ತಿತ್ತು, ಇವರು ತಟ್ಟೆಯಲ್ಲಿ ಉಳ್ಳಾಗಡ್ಡಿ ಚೂರುಗಳನ್ನು ಹೆಕ್ಕಿ ಬದಿಗಿಟ್ಟು ರಸ ಉಣ್ಣುತ್ತಿದ್ದರು. ತಪ್ಪು ಅವರದಲ್ಲ, ನನ್ನದು. ಉಳ್ಳಾಗಡ್ಡಿಯಲ್ಲಿ ತೊಂದರೆ ಕೊಡುವ ಅಂಶ ನೀರಿನಲ್ಲಿ ಕರಗುತ್ತದೆ. ಚೂರು ತೆಗೆದರೂ ಅದು ಸಾರಿನಲ್ಲಿ ಉಳಿದೇ ಇರುತ್ತದೆ.

ಆ ಅಂಶ ಯಾವುದು? ಕೆಲವು ಬಗೆಯ ಸಕ್ಕರೆ-ಪಿಷ್ಟಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಅವು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುಳಿಯಿಸಿ ಗ್ಯಾಸು ಮಾಡುತ್ತವೆ. ಇದು ಎಲ್ಲರ ಹೊಟ್ಟೆಯಲ್ಲೂ ಆಗುವುದೇ. ಆದರೆ ಕರುಳು ಸೂಕ್ಷ್ಮವಾಗಿರುವವರಿಗೆ ಅಷ್ಟು ಹಿಗ್ಗಿದರೂ ನೋವು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದ ತಜ್ಞರು ಈ ಅಂಶಗಳಿಗೆಲ್ಲ ಸೇರಿಸಿ 2005ರಲ್ಲಿ ಫಾಡ್‌ಮ್ಯಾಪ್ ಎಂಬ ಹೆಸರು ಕೊಟ್ಟರು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿ, ತೊಗರಿ-ಕಡಲೆಯಂಥ ಬೇಳೆಕಾಳು, ಹಾಲು, ಜೇನು, ಕಲ್ಲಂಗಡಿ, ಮಾವಿನಹಣ್ಣು, ಹೂಕೋಸು, ಅಣಬೆ ಇವುಗಳಲ್ಲಿ ಅದು ಹೆಚ್ಚು. ಮಾಂಸ, ಮೊಟ್ಟೆ, ಮೀನು, ತುಪ್ಪದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಿರಿಯಾನಿ ತಿಂದರೆ ಆಗುವುದಿಲ್ಲ ಎನ್ನುವವರಲ್ಲಿ ಎಷ್ಟೋ ಜನಕ್ಕೆ ಆಗದಿರುವುದು ಗೋಷ್ತ್ ಅಲ್ಲ, ಹುರಿದು ಹಾಕಿದ ಸೇರುಗಟ್ಟಲೆ ಉಳ್ಳಾಗಡ್ಡಿ.

ಇದು ವಿದೇಶದ ಪಥ್ಯ, ದುಬಾರಿ ಸಾಮಾನು ತರಬೇಕಾದೀತು ಎಂದು ಹೆದರಬೇಡಿ. ಅಲ್ಲಿನವರಿಗೆ ಕಷ್ಟ ಬ್ರೆಡ್ ಬಿಡುವುದು. ನಮ್ಮ ಜಿಲ್ಲೆಯಲ್ಲಿ ತುಂಗಭದ್ರೆಯ ಕಾಲುವೆ ನೀರು ಹರಿಯುವ ಗಂಗಾವತಿ ಕಡೆ ಅಕ್ಕಿ, ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಹೊಲಗಳಲ್ಲಿ ಜೋಳ, ಸಜ್ಜೆ, ನವಣೆ. ಅಕ್ಕಿ, ಜೋಳ, ನವಣೆ ಮೂರೂ ಹದವಾಗಿ ಉಂಡರೆ ಈ ಪಥ್ಯಕ್ಕೆ ಒಗ್ಗುತ್ತವೆ. ನಮಗೆ ಕಷ್ಟವಿರುವುದು ಧಾನ್ಯದಲ್ಲಲ್ಲ, ಮಸಾಲೆಯಲ್ಲಿ. ಉಳ್ಳಾಗಡ್ಡಿ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಇಲ್ಲದೆ ಒಲೆ ಹೊತ್ತಿಸಿದ ರೂಢಿಯೇ ನಮ್ಮ ಮನೆಗಳಲ್ಲಿ ಇಲ್ಲ.

ಇದಕ್ಕೊಂದು ಉಪಾಯವಿದೆ. ನೀರಿನಲ್ಲಿ ಕರಗುವ ಆ ಅಂಶ ಎಣ್ಣೆಯಲ್ಲಿ ಕರಗುವುದಿಲ್ಲ, ಆದರೆ ಬೆಳ್ಳುಳ್ಳಿಯ ಘಮ ಎಣ್ಣೆಗೆ ಇಳಿಯುತ್ತದೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಐದಾರು ಎಸಳು ಬೆಳ್ಳುಳ್ಳಿಯನ್ನು ಜಜ್ಜಿ ಹಾಕಿ, ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಹುರಿಯಿರಿ. ನಂತರ ಚೂರೂ ಉಳಿಯದಂತೆ ಸೋಸಿ ತೆಗೆಯಿರಿ. ತರಕಾರಿ, ನೀರು ಏನೇ ಹಾಕುವುದಿದ್ದರೂ ಬೆಳ್ಳುಳ್ಳಿ ತೆಗೆದ ಮೇಲೆಯೇ. ಈ ಎಣ್ಣೆಯನ್ನು ಆಯಾ ಹೊತ್ತಿಗೆ ಮಾಡಿಕೊಳ್ಳಿ. ಬಾಟಲಿಯಲ್ಲಿ ತುಂಬಿ ಇಟ್ಟರೆ ಅದರಲ್ಲಿ ಪ್ರಾಣಕ್ಕೇ ಅಪಾಯ ತರುವ ವಿಷ ಬೆಳೆಯಬಹುದು. ಹುರಿದ ಬೆಳ್ಳುಳ್ಳಿಯನ್ನು ಎಸೆಯಬೇಕಿಲ್ಲ, ಮನೆಯ ಉಳಿದವರ ಚಟ್ನಿಗೆ ಆದೀತು.

ಇನ್ನು ಒಗ್ಗರಣೆ. ಇಬ್ಬರಿಗಾಗುವಷ್ಟು ಹೇಳುತ್ತೇನೆ. ಒಂದು ಲೋಟ ನವಣೆ ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಯಿಟ್ಟು, ಎರಡು ಲೋಟ ನೀರಿನಲ್ಲಿ ಉದುರಾಗಿ ಬೇಯಿಸಿ, ಅಗಲ ತಟ್ಟೆಯಲ್ಲಿ ಹರಡಿ ಆರಲು ಬಿಡಿ. ನವಣೆ ರೂಢಿಯಿಲ್ಲದವರು ಮೊದಲ ವಾರ ಅಕ್ಕಿಯಿಂದಲೇ ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪ ನವಣೆಗೆ ಬನ್ನಿ. ಒಂದು ಗಜ್ಜರಿ, ಹತ್ತು-ಹನ್ನೆರಡು ಬೀನ್ಸ್, ಅರ್ಧ ಹಸಿರು ದಪ್ಪ ಮೆಣಸಿನಕಾಯಿ, ಬೇಕಿದ್ದರೆ ಒಂದು ಎಳೆ ಬದನೆಕಾಯಿ ಸಣ್ಣಗೆ ಹೆಚ್ಚಿ. ಬೆಳ್ಳುಳ್ಳಿ ಎಣ್ಣೆಗೆ ಅರ್ಧ ಚಮಚ ಜೀರಿಗೆ, ಒಂದು ಚಿಟಿಕೆ ಇಂಗು, ಬೆರಳುದ್ದಕ್ಕಿಂತ ಕಡಿಮೆ ಹಸಿ ಶುಂಠಿ ತುರಿದು ಹಾಕಿ. ಉರಿ ಜೋರು ಮಾಡಿ ತರಕಾರಿ ಹಾಕಿ ಕೈಬಿಡದೆ ಐದಾರು ನಿಮಿಷ ತಿರುವಿ. ಎರಡು ಮೊಟ್ಟೆ ಒಡೆದು ಹಾಕುವುದಿದ್ದರೆ ಈಗ. ನವಣೆ, ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿ ಎರಡು ನಿಮಿಷ ಕಲಸಿ ಇಳಿಸಿ. ಮೇಲೆ ಉಳ್ಳಾಗಡ್ಡಿ ತಪ್ಪಲಿನ ಹಸಿರು ಭಾಗ, ಕೊತ್ತಂಬರಿ, ಲಿಂಬೆರಸ, ಎರಡು ಚಮಚ ಹುರಿದ ಶೇಂಗಾ ಪುಡಿ. ತಪ್ಪಲಿನ ಬಿಳಿ ಗಡ್ಡೆ ಮಾತ್ರ ಬೇಡ.

ಒಲೆಯ ಮೇಲೆ ಹದಿನೈದು ನಿಮಿಷವೂ ಹಿಡಿಯದು, ಇನ್ನೂ ಅವಸರವೆಂದರೆ ನಮ್ಮ ಮಂಡಕ್ಕಿ ಸೂಸಲವೇ ಇದೆ. ಉಳ್ಳಾಗಡ್ಡಿ, ಪುಟಾಣಿ ಪುಡಿ ಬಿಟ್ಟು ಇದೇ ಎಣ್ಣೆಯಲ್ಲಿ ಒಗ್ಗರಣೆ ಕೊಡಿ. ಜೊತೆಗೆ ಮಿರ್ಚಿ ತರಿಸಬೇಡಿ, ಅದು ಕಡಲೆ ಹಿಟ್ಟಿನದು.

ರಾತ್ರಿಯ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕುವವರಿಗೆ ಒಂದು ಮಾತು. ನಮ್ಮ ಸೆಕೆಗೆ ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ ವಾಂತಿ-ಭೇದಿ ತರುತ್ತದೆ, ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಗಂಟೆಯೊಳಗೆ ಆರಿಸಿ ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಬೆಳಿಗ್ಗೆ ಹೊಸದಾಗಿ ಮಾಡಿ.

ಜೀರಿಗೆ, ಶುಂಠಿ ಹೊಟ್ಟೆಯ ವಾಯುವಿಗೆ ಹಕೀಮರು ತಲೆತಲಾಂತರದಿಂದ ಕೊಡುತ್ತ ಬಂದವು, ಜವಾರಿಶ್ ಕಮೂನಿಯ ಹೆಸರೇ ಜೀರಿಗೆಯಿಂದ ಬಂದದ್ದು. ಆದರೆ ಜವಾರಿಶ್‌ಗಳನ್ನು ಜೇನಿನಲ್ಲೋ ಸಕ್ಕರೆ ಪಾಕದಲ್ಲೋ ಕಟ್ಟಿರುತ್ತಾರೆ. ಈ ವಾರಗಳಲ್ಲಿ ಜೇನು ಕೂಡದು, ಆದ್ದರಿಂದ ಕೇಳದೆ ತೆಗೆದುಕೊಳ್ಳಬೇಡಿ. ಇಲಾಜ್ ಬಿಲ್ ಗಿಝಾ ಎಂದು ನಾವು ಹೇಳುವಾಗ ಊಟವೇ ಔಷಧ. ಔಷಧವೆಂದ ಮೇಲೆ ಅದಕ್ಕೂ ಅಳತೆ, ಅವಧಿ ಇರಬೇಕು.

ಆ ಅವಧಿ ಎರಡರಿಂದ ಆರು ವಾರ. ಜೀವನವಿಡೀ ಅಲ್ಲ. ಗುಣ ಕಂಡ ಖುಷಿಗೆ ವರ್ಷಗಟ್ಟಲೆ ಬೇಳೆ, ಹಾಲು, ಹಣ್ಣು ಬಿಟ್ಟು ಸೊರಗಿ ಬಂದವರನ್ನೂ ನೋಡಿದ್ದೇನೆ. ಮಕ್ಕಳು, ಬಸುರಿ-ಬಾಣಂತಿಯರು, ಮೊದಲೇ ತೂಕ ಕಡಿಮೆ ಇರುವವರು ತಾವಾಗಿ ಈ ಪಥ್ಯ ಹಿಡಿಯಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ ಇವುಗಳಲ್ಲಿ ಒಂದಿದ್ದರೂ ಅಡುಗೆಮನೆಯ ಬದಲು ಆಸ್ಪತ್ರೆಗೆ ಹೋಗಿ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನು ಗೋಧಿ ಬಿಡುವ ಮೊದಲೇ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶ ತಪ್ಪಬಹುದು.

ಆರು ವಾರ ಪಥ್ಯ ಮಾಡಿಯೂ ಏನೂ ಬದಲಾಗದಿದ್ದರೆ ಬಿಟ್ಟುಬಿಡಿ, ನಿಮ್ಮ ತೊಂದರೆಗೆ ಬೇರೆ ಕಾರಣವಿದೆ. ಗುಣ ಕಂಡಿದ್ದರೆ ಬಿಟ್ಟದ್ದನ್ನು ಒಂದೊಂದಾಗಿ ಪರೀಕ್ಷಿಸಿ. ಮೂರು ದಿನ ಚಪಾತಿ, ಮೊದಲ ದಿನ ಅರ್ಧ, ಮರುದಿನ ಒಂದು, ಮೂರನೇ ದಿನ ಎರಡು. ಒಂದೆರಡು ದಿನ ಬಿಡುವು ಕೊಟ್ಟು ಮುಂದೆ ಬೇಳೆ, ಆಮೇಲೆ ಹಾಲು, ಬೆಳ್ಳುಳ್ಳಿ, ಕೊನೆಗೆ ಉಳ್ಳಾಗಡ್ಡಿ. ತಿಂದದ್ದು, ಆದದ್ದು ಎರಡನ್ನೂ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಹಿರಿಯರ ನೋಟ್‌ಬುಕ್ಕಿನ ಪ್ರಕಾರ ಅವರಿಗೆ ಚಪಾತಿ ಒಗ್ಗುತ್ತದೆ, ತೊಗರಿಬೇಳೆ ಒಂದು ಸಣ್ಣ ಬಟ್ಟಲು ಒಗ್ಗುತ್ತದೆ, ಉಳ್ಳಾಗಡ್ಡಿ ಮಾತ್ರ ಇಲ್ಲ. ಈಗ ಅವರ ಮನೆಯಲ್ಲಿ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಅಡುಗೆ. ಹಸಿ ಉಳ್ಳಾಗಡ್ಡಿ ಬೇಕಾದವರು ತಟ್ಟೆಗೆ ಹಚ್ಚಿಕೊಳ್ಳುತ್ತಾರೆ.