ಮ್ಯಾಟ್ ಹಾಸುವ ಮುಂಚೆ: ಹೇಮಗಿರಿ ಜಾತ್ರೆ ಮಾಳದಿಂದ ಒಂದು ಕೇಬಲ್ ಪಾಠ

ನಡೆಯೋ ದಾರೀಲಿ ವೈರು ಬಿದ್ದಿದೆ ಅಂದ ಕೂಡಲೇ ನಮಗೆಲ್ಲ ಹೊಳೆಯೋ ಉಪಾಯ ಒಂದೇ: ಅದರ ಮೇಲೊಂದು ಮ್ಯಾಟ್ ಎಳೆಯೋದು. ಮ್ಯಾಟ್ ಇಲ್ಲದಿದ್ರೆ ಗೋಣಿಚೀಲ, ಅದೂ ಇಲ್ಲದಿದ್ರೆ ಹಳೇ ಫ್ಲೆಕ್ಸು. ವೈರು ಕಣ್ಣಿಗೆ ಕಾಣದಿದ್ರೆ ಕೆಲಸ ಮುಗೀತು ಅಂದುಕೊಳ್ತೇವೆ. ಮ್ಯಾಟ್ ಒಳ್ಳೇ ಸಾಧನವೇ. ಆದರೆ ಅದು ಕೊನೆಯ ಹೆಜ್ಜೆ, ಮೊದಲನೆಯದಲ್ಲ. ಯಾಕೆ ಅಂತ ನೋಡೋಣ.

ಉದಾಹರಣೆಗೆ ಲ್ಯಾಬ್ ಬೇಡ, ಹೇಮಗಿರಿಯನ್ನು ತಗೊಳ್ಳೋಣ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ನದಿಯ ದಡದಲ್ಲಿರುವ ಈ ಊರು ಕಲ್ಯಾಣ ವೆಂಕಟರಮಣಸ್ವಾಮಿ ದೇವಸ್ಥಾನಕ್ಕೂ ದನಗಳ ಜಾತ್ರೆಗೂ ಹೆಸರಾದದ್ದು. ನೋಡೋಕೆ ಬಂದವರಿಗೆ ಜಾತ್ರೆ ಹಬ್ಬ. ಅಂಗಡಿಯವರಿಗೆ, ರಾಸು ಮಾರುವವರಿಗೆ, ಲೈಟು-ಮೈಕಿನ ಹುಡುಗರಿಗೆ ಅದೇ ಕೆಲಸದ ಜಾಗ. ಇಂಥ ಮಾಳದಲ್ಲಿ ತಾತ್ಕಾಲಿಕ ವೈರಿಂಗ್ ಮಾಡೋ ಕೆಲಸ ನಮ್ಮ ಪಾಲಿಗೆ ಬಂದರೆ ಏನೇನು ಯೋಚಿಸಬೇಕು?

ಎರಡು ಮ್ಯಾಟ್, ಎರಡು ಕೆಲಸ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪ್ಯಾನೆಲ್ ಬೋರ್ಡಿನ ಮುಂದೆ ಹಾಸುವ ರಬ್ಬರಿನಂಥ ಹಾಳೆ ಇನ್ಸುಲೇಟಿಂಗ್ ಮ್ಯಾಟ್. ಅದಕ್ಕೆ ಐಎಸ್ 15652:2006 ಅನ್ನೋ ಭಾರತೀಯ ಮಾನಕ ಇದೆ. 3.3 ಕೆವಿವರೆಗೆ 2 ಮಿ.ಮೀ. ದಪ್ಪ, 11 ಕೆವಿವರೆಗೆ 2.5 ಮಿ.ಮೀ., 33 ಕೆವಿವರೆಗೆ 3 ಮಿ.ಮೀ. ಅದು ಮೇಲೆ ನಿಂತ ಮನುಷ್ಯನನ್ನು ಕಾಯುತ್ತೆ. ಅಡಿಯಲ್ಲಿರುವ ವೈರನ್ನು ತುಳಿತದಿಂದ ಕಾಯೋದು ಅದರ ಕೆಲಸವಲ್ಲ.

ವೈರನ್ನು ಕಾಯೋದು ಕೇಬಲ್ ಪ್ರೊಟೆಕ್ಟರ್. ಒಳಗೆ ಕಾಲುವೆಯಂಥ ಜಾಗ, ಎರಡೂ ಬದಿಗೆ ಇಳಿಜಾರು. ಭಾರ ಇದರ ಗೋಡೆಗಳ ಮೇಲೆ ಬೀಳುತ್ತೆ, ವೈರಿನ ಮೇಲಲ್ಲ. ಚಪ್ಪಟೆ ಮ್ಯಾಟ್ ಹಾಸಿದರೆ ಆ ಭಾರ ನೇರವಾಗಿ ವೈರಿಗೇ ಹೋಗುತ್ತೆ. ಹಳ್ಳಿಕಾರ್ ಎತ್ತಿನ ಗೊರಸು, ಗಾಡಿಯ ಕಬ್ಬಿಣದ ಪಟ್ಟಿ ಅದರ ಮೇಲೆ ಹಾದುಹೋದರೆ ಏನಾಗುತ್ತೆ, ಊಹಿಸಿಕೊಳ್ಳಿ.

ಮ್ಯಾಟ್ ಅಡಿಯಲ್ಲಿ ನಡೆಯೋದು

ಒಂದು, ಶಾಖ. 1.5 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ವೈರಿನ ರೋಧ ಕಿಲೋಮೀಟರಿಗೆ ಸುಮಾರು 13.3 ಓಮ್. 30 ಮೀಟರ್ ಎಳೆದರೆ ಹೋಗೋದೂ ಬರೋದೂ ಸೇರಿ 60 ಮೀಟರ್, ಅಂದರೆ 0.8 ಓಮ್. 15 ಆಂಪಿಯರ್ ಹರಿದರೆ 15 × 15 × 0.8 = 180 ವ್ಯಾಟ್ ಶಾಖ. ಮೀಟರಿಗೆ 6 ವ್ಯಾಟ್, ಗಾಳಿಯಾಡಿದರೆ ಆರಿಹೋಗುತ್ತೆ. ಆದರೆ ದೂರ ಇರೋದು 15 ಮೀಟರ್ ಮಾತ್ರ ಅಂತ ಉಳಿದರ್ಧವನ್ನು ಸುರುಳಿ ಸುತ್ತಿ ಮ್ಯಾಟ್ ಅಡಿಗೆ ತಳ್ಳಿದರೆ? ಒಂದೇ ಕಡೆ 90 ವ್ಯಾಟ್, ಮೇಲೆ ಹೊದಿಕೆ ಬೇರೆ. ಸಾಮಾನ್ಯ ಪಿವಿಸಿ ಇನ್ಸುಲೇಷನ್ ತಡೆಯೋದು 70 ಡಿಗ್ರಿವರೆಗೆ. ಅದೇ 2.5 ಚದರ ಮಿ.ಮೀ. ವೈರು ಹಾಕಿದರೆ ಒಟ್ಟು ಶಾಖ 108 ವ್ಯಾಟಿಗೆ ಇಳಿಯುತ್ತೆ.

ಎರಡು, ನೀರು. ಒದ್ದೆ ಗೋಣಿಚೀಲ ಬೇಗ ಒಣಗಲ್ಲ. ಅಡಿಯಲ್ಲಿ ಸುಲಿದ ವೈರೋ ಟೇಪು ಸುತ್ತಿದ ಜಾಯಿಂಟೋ ಇದ್ದರೆ ಕರೆಂಟ್ ನೆಲಕ್ಕೆ ಸೋರುತ್ತೆ. ಆಗ ಆ ಜಾಗದಿಂದ ದೂರ ಹೋದ ಹಾಗೆ ನೆಲದ ವೋಲ್ಟೇಜ್ ಇಳೀತಾ ಹೋಗುತ್ತೆ. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ಆದ್ದರಿಂದ ಅದಕ್ಕೆ ಸಿಗೋ ವೋಲ್ಟೇಜ್ ವ್ಯತ್ಯಾಸವೂ ಜಾಸ್ತಿ. ಮೇಲಾಗಿ ಕರೆಂಟ್ ಎದೆಯ ಮೂಲಕವೇ ಹಾಯಬೇಕು. ಚಪ್ಪಲಿ ಹಾಕಿದ ನಮಗೆ ಏನೂ ಗೊತ್ತಾಗದ ಕಡೆ ರಾಸು ಕುಸಿದುಬೀಳಬಹುದು. ಒಂದು ಜೋಡಿ ಎತ್ತು ಅಂದರೆ ರೈತನ ಮನೆಗೆ ಎಷ್ಟು ದೊಡ್ಡ ಬಂಡವಾಳ ಅಂತ ಮಂಡ್ಯದವರಿಗೆ ಹೇಳಬೇಕಿಲ್ಲ.

ಮೂರು, ಮರೆ. ದನ ಕಟ್ಟೋಕೆ ಗೂಟ ಹೊಡೀಬೇಕು. ಕಾಣುವ ವೈರನ್ನು ಬಿಟ್ಟು ಪಕ್ಕದಲ್ಲಿ ಹೊಡೀತಾರೆ. ಮುಚ್ಚಿದ್ದರೆ ಅಲ್ಲಿ ವೈರಿದೆ ಅಂತ ಗೂಟ ಹೊಡೆಯೋನಿಗೆ ಹೇಗೆ ಗೊತ್ತಾಗಬೇಕು?

ಹಾಗಾದರೆ ಕ್ರಮ ಏನು?

1. ದಾರಿಯಿಂದ ತಪ್ಪಿಸಿ. ಸಪ್ಲೈ ಬೋರ್ಡನ್ನು ಅಂಗಡಿ ಸಾಲಿನ ಕಡೆಗೇ ಇಟ್ಟರೆ ಅರ್ಧ ವೈರು ಓಣಿ ದಾಟೋದೇ ಇಲ್ಲ.

2. ಅಂಚಿಗೆ ಎಳೆಯಿರಿ. ಅಂಗಡಿಗಳ ಹಿಂಬದಿ, ಬೇಲಿಯ ಪಕ್ಕ.

3. ಮೇಲೆತ್ತಿ. ಭದ್ರವಾದ ಕಂಬಗಳಿಗೆ ಕಟ್ಟಿ. ಅಲ್ಲಿ ಓಡಾಡೋ ಅತಿ ಎತ್ತರದ ವಾಹನ, ಹುಲ್ಲು ಹೇರಿದ ಗಾಡಿ, ಎಲ್ಲವೂ ಸಲೀಸಾಗಿ ಹಾಯುವಷ್ಟು ಎತ್ತರ ಬೇಕು.

4. ದಾಟಲೇಬೇಕಾದರೆ ಎಲ್ಲ ವೈರುಗಳನ್ನೂ ಒಂದೇ ಕಡೆ, ದಾರಿಗೆ ಅಡ್ಡಲಾಗಿ ನೇರವಾಗಿ ದಾಟಿಸಿ. ಅಲ್ಲಿ ಹಳದಿ-ಕಪ್ಪು ಬಣ್ಣದ ಪ್ರೊಟೆಕ್ಟರ್ ಹಾಕಿ. ಅದು ತಡೆಯೋ ಭಾರ ಎಷ್ಟು ಅಂತ ಓದಿ. ಅದರೊಳಗೆ ಜಾಯಿಂಟ್ ಇರಕೂಡದು, ಸುರುಳಿಯೂ ಇರಕೂಡದು.

5. ಸಪ್ಲೈ ಶುರುವಾಗೋ ಕಡೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ. 16 ಆಂಪಿಯರ್ ಎಂಸಿಬಿಗೆ ಇಷ್ಟು ಸಣ್ಣ ಸೋರಿಕೆ ಕಾಣೋದೇ ಇಲ್ಲ, ಮನುಷ್ಯನ ಜೀವ ತೆಗೆಯೋಕೆ ಮಾತ್ರ 0.1 ಆಂಪಿಯರ್ ಸಾಕು.

6. ದಿನಕ್ಕೊಮ್ಮೆ ಸಪ್ಲೈ ಆಫ್ ಮಾಡಿ, ಮುಚ್ಚಿದ್ದನ್ನು ಎತ್ತಿ ನೋಡಿ.

ಈಗ ಕ್ಯಾಂಪಸ್ಸಿಗೆ ಬನ್ನಿ

ನಮ್ಮಲ್ಲಿ ಎತ್ತಿಲ್ಲ, ಗೂಟವಿಲ್ಲ. ಆದರೆ ಕಂಪ್ಯೂಟರ್ ಲ್ಯಾಬಿನಲ್ಲಿ ಗಾಲಿ ಕುರ್ಚಿಗಳಿವೆ, ವರ್ಕ್‌ಶಾಪಿನಲ್ಲಿ ಲೋಹದ ಚೂರುಗಳಿವೆ, ರಾಜ್ಯೋತ್ಸವದ ವೇದಿಕೆ ಮುಂದೆ ಕತ್ತಲಲ್ಲಿ ಕುಣಿಯೋ ನಾವೇ ಇದ್ದೇವೆ. ಕಾರ್ಪೆಟ್ ಅಡಿಗೆ ಎಕ್ಸ್‌ಟೆನ್ಷನ್ ಬೋರ್ಡ್ ತಳ್ಳೋ ಅಭ್ಯಾಸವೂ ಇದೆ. ಅಂಚು ಮಡಚಿಕೊಂಡ ಮ್ಯಾಟಿಗೆ ಕಾಲು ಸಿಕ್ಕಿ ಬೀಳೋದು ಬರೀ ವೈರಿಗೆ ಎಡವಿದ್ದಕ್ಕಿಂತ ಕಮ್ಮಿ ಪೆಟ್ಟೇನಲ್ಲ.

ಈ ಸಲ ನವೆಂಬರ್ 1ರ ಕಾರ್ಯಕ್ರಮಕ್ಕೆ ವಾಲಂಟಿಯರ್ ಆಗುವವರು ಹಿಂದಿನ ದಿನ ಒಂದು ಹಾಳೆಯಲ್ಲಿ ಹಾಲಿನ ನಕ್ಷೆ ಬರೆದು, ಜನ ಓಡಾಡೋ ದಾರಿಯನ್ನೂ ವೈರು ಹೋಗೋ ದಾರಿಯನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ. ಎರಡು ಗೆರೆ ಎಷ್ಟು ಕಡೆ ಸೇರುತ್ತವೆ ಅಂತ ಎಣಿಸಿ, ವೈರಿನ ದಾರಿ ಬದಲಿಸಿ ಆ ಸಂಖ್ಯೆಯನ್ನು ಆದಷ್ಟು ಇಳಿಸಿ. ಉಳಿದ ಕಡೆಗಳಿಗೆ ಮಾತ್ರ ಪ್ರೊಟೆಕ್ಟರ್ ತನ್ನಿ. ಲೈಟ್ ಕಟ್ಟೋಕೆ ಬರುವ ಅಣ್ಣಂದಿರಿಗೂ ಆ ಹಾಳೆ ತೋರಿಸಿ, ಅವರ ಮಾತು ಕೇಳಿ. ಎಲ್ಲಿ ವೈರು ಸವೆಯುತ್ತೆ ಅಂತ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.