ಹೊಸ ಫೋನಿನಲ್ಲಿ ನಮ್ಮ ಅಕ್ಷರ

ನಮ್ಮ ಕಮ್ಮರಡಿ ಕಡೆ ಈಗ ಹಲವು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಅದು ಯಾರ ಕೈಯಲ್ಲಿದೆ? ಮಗನ ಕೈಯಲ್ಲಿ. ಮೊಮ್ಮಗಳ ಕೈಯಲ್ಲಿ. ಅಮ್ಮನ ಕೈಗೆ ಕೊಟ್ಟರೆ ಅಮ್ಮ ಹೆದರುತ್ತಾಳೆ. "ಎಂತಾದ್ರೂ ಮುಟ್ಟಿ ಹಾಳಾದ್ರೆ?" ಅನ್ನುತ್ತಾಳೆ.

ಹೆದರಬೇಡಿ ಅಕ್ಕಂದಿರೇ. ಮುಟ್ಟಿದ ಮಾತ್ರಕ್ಕೆ ಫೋನು ಹಾಳಾಗುವುದಿಲ್ಲ. ಬನ್ನಿ, ನಾವೆಲ್ಲ ಸೇರಿ ನೋಡೋಣ.

ಹಳೆಯ ಫೋನಿಗೆ ಗುಂಡಿಗಳಿದ್ದವು. ಇದಕ್ಕೆ ಬರೀ ಗಾಜು. ಗಾಜಿನ ಮೇಲಿನ ಚಿತ್ರವೇ ಗುಂಡಿ. ಉಗುರು ತಾಗಿದರೆ ಅದು ಕೇಳುವುದಿಲ್ಲ. ಬೆರಳ ತುದಿಯ ಚರ್ಮ ತಾಗಬೇಕು. ಕೈ ಒದ್ದೆಯಿದ್ದರೂ ಸರಿಯಾಗಿ ಕೇಳದು. ಮಳೆಗಾಲದಲ್ಲಿ ನಮ್ಮ ಕೈ ಒಣಗುವುದು ಯಾವಾಗ, ಹೇಳಿ! ಸೆರಗಿಗೆ ಒರೆಸಿಕೊಂಡು ಮುಟ್ಟಿ. ಅಡಿಕೆ ಸುಲಿದ ಕೈಯಾದರೆ ತೊಳೆದು ಒರೆಸಿ. ಜೋರು ಬೇಡ. ಕುಂಕುಮ ಇಡುವಷ್ಟು ಮೆಲ್ಲಗೆ ಮುಟ್ಟಿದರೆ ಸಾಕು.

ಫೋನಿನಲ್ಲಿ ಇಂಗ್ಲಿಷ್ ಇದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಹಾಕಬಹುದು. ಮೊದಲ ಸಲ ಮಕ್ಕಳ ಹತ್ತಿರ ಹಾಕಿಸಿಕೊಳ್ಳಿ. ಬರೆಯುವ ಕೀಬೋರ್ಡಿಗೂ ಕನ್ನಡ ಹಾಕಿಸಿ. ಆಮೇಲೆ ನೋಡಿ. ಅ ಆ ಇ ಈ, ಕ ಖ ಗ ಘ. ಎಲ್ಲ ನಮ್ಮ ಸ್ಲೇಟಿನ ಅಕ್ಷರಗಳೇ!

ಆದರೆ ಒತ್ತಕ್ಷರ ಎಲ್ಲಿ? ಹುಡುಕಿದರೆ ಕಾಣುವುದಿಲ್ಲ. ಅದನ್ನು ನಾವೇ ಮಾಡಬೇಕು. ‘ಕಮ್ಮರಡಿ’ ಎಂದು ಬರೆಯೋಣ. ಮೊದಲು ಕ ಮುಟ್ಟಿ. ಆಮೇಲೆ ಮ. ‘ಮ್’ ಬರೆಯುವಾಗ ಮೇಲೆ ಒಂದು ಬಾಲ ಹಾಕುತ್ತೇವಲ್ಲ, ಆ ಬಾಲದ ಗುರುತು ಮುಟ್ಟಿ. ಮತ್ತೆ ಮ ಮುಟ್ಟಿ. ಎರಡನೆಯ ಮ ತಾನಾಗಿ ಕೆಳಗೆ ಹೋಗಿ ಕೂರುತ್ತದೆ. ‘ಮ್ಮ’ ಆಯಿತು! ಮುಂದೆ ರ. ಕೊನೆಗೆ ಡ, ಅದಕ್ಕೆ ಗುಡಿಸು. ಊರಿನ ಹೆಸರು ಬಂತು. ಅಕ್ಕ, ಅಮ್ಮ, ಕೊಪ್ಪ ಎಲ್ಲಾ ಹೀಗೇ.

ಬರೆಯಲು ಬೇಜಾರಾದರೆ ಮೈಕಿನ ಚಿತ್ರ ಮುಟ್ಟಿ ಮಾತಾಡಿ. ಫೋನೇ ಬರೆಯುತ್ತದೆ. ಆದರೆ ನಮ್ಮ ಮಲೆನಾಡಿನ ಮಾತು ಅದಕ್ಕೆ ಪೂರ್ತಿ ತಿಳಿಯದು. ಏನೇನೋ ಬರೆದುಬಿಡುತ್ತದೆ. ಅದರ ತಪ್ಪು ಹಿಡಿಯಲು ನಮಗೆ ಓದು ಬರಬೇಕು.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಆಗ ಫೋನಿನಲ್ಲಿ ಹೋಗುತ್ತಿದ್ದುದು ಹೆಚ್ಚಾಗಿ ಮಾತೇ. 2016ರಲ್ಲಿ ಯುಪಿಐ ಬಂತು. ಈಗ ಫೋನಿನಲ್ಲೇ ಹಣ ಕೊಡುತ್ತಾರೆ, ಹಣ ಪಡೆಯುತ್ತಾರೆ. ಇಲ್ಲಿ ಮಾತ್ರ ಬಹಳ ಎಚ್ಚರ ಬೇಕು.

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಎಂದು ಗೊತ್ತಾಯಿತು. ಹಣ ಖಾತೆಗೆ ಬಂತೋ ಇಲ್ಲವೋ? "ನೋಡು ಮಗಾ" ಎಂದು ಕಾಯುವುದೇಕೆ? ಬ್ಯಾಂಕಿಗೆ ನಿಮ್ಮದೇ ನಂಬರ್ ಕೊಡಿ. ಸಂದೇಶದಲ್ಲಿ ಇಂಗ್ಲಿಷ್ ಇದ್ದರೂ ಅಂಕಿ ಅಂಕಿಯೇ. ‘ಕ್ರೆಡಿಟೆಡ್’ ಅಂದರೆ ಬಂತು. ‘ಡೆಬಿಟೆಡ್’ ಅಂದರೆ ಹೋಯಿತು. ಈ ಎರಡು ಪದಗಳು ಇಂಗ್ಲಿಷಿನಲ್ಲಿ ಹೇಗಿರುತ್ತವೆ ಎಂದು ಒಂದು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ.

ಯಾರೋ ಕರೆ ಮಾಡುತ್ತಾರೆ. "ಅಮ್ಮಾ, ನಿಮಗೆ ಹಣ ಬಂದಿದೆ. ಪಿನ್ ಒತ್ತಿ" ಅನ್ನುತ್ತಾರೆ. ಒತ್ತಬೇಡಿ! ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡ. ಹಣ ಕೊಡುವಾಗ ಪಿನ್ ಬೇಕು. ಪಿನ್ ಒತ್ತಿದರೆ ನಿಮ್ಮ ಹಣವೇ ಹೋಗುತ್ತದೆ. ಓಟಿಪಿ ಎಂದು ಬರುವ ಅಂಕಿಗಳನ್ನೂ ಯಾರಿಗೂ ಹೇಳಬೇಡಿ. ಬ್ಯಾಂಕಿನವರು ಎಂದರೂ ಹೇಳಬೇಡಿ. ಹಣ ಹೋಯಿತೇ? ನಾಚಿಕೆಯಿಂದ ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ.

ಈಗ ಫೋನು ಕೈಗೆ ತೆಗೆದುಕೊಳ್ಳಿ. ಈ ಪದಗಳನ್ನು ಬರೆಯಿರಿ: ಅಕ್ಕ, ಅಡಿಕೆ, ಕೊಪ್ಪ, ಕಮ್ಮರಡಿ. ಬರೆದು ಪಕ್ಕದ ಮನೆಯ ಅಕ್ಕನಿಗೆ ಕಳಿಸಿ.